ದೊಡ್ಡ ಆರ್ಡರ್ ಬಂದ ದಿನ ಅಳು ಯಾಕೆ ಬಂತು?

ಪ್ರಶ್ನೆ: ನನಗೆ 36 ವರ್ಷ. ಏಳು ಮತ್ತು ಮೂರು ವರ್ಷದ ಇಬ್ಬರು ಮಕ್ಕಳು. ಐದು ವರ್ಷದಿಂದ ಮನೆಯಲ್ಲೇ ಮಕ್ಕಳ ಬಟ್ಟೆ ಹೊಲಿದು ಆನ್‌ಲೈನ್‌ನಲ್ಲಿ ಮಾರುತ್ತಿದ್ದೇನೆ. ಸಹಾಯಕ್ಕೆ ಇಬ್ಬರಿದ್ದಾರೆ. ಬಿಸಿನೆಸ್ ಚೆನ್ನಾಗಿಯೇ ನಡೆಯುತ್ತಿದೆ. ಆದರೆ ಎಷ್ಟು ಮಲಗಿದರೂ ಸುಸ್ತು ಹೋಗುವುದಿಲ್ಲ. ಕಸ್ಟಮರ್ ಮೆಸೇಜ್ ಕಂಡರೆ ಸಿಟ್ಟು ಬರುತ್ತದೆ. ಮಕ್ಕಳ ಮೇಲೆ ರೇಗುತ್ತೇನೆ, ಅವರು ಮಲಗಿದ ಮೇಲೆ ಕೂತು ಅಳುತ್ತೇನೆ. ಕಳೆದ ವಾರ ಇದುವರೆಗಿನ ಅತಿ ದೊಡ್ಡ ಆರ್ಡರ್ ಬಂತು. ಖುಷಿಪಡುವ ಬದಲು ಬಾತ್‌ರೂಮ್ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. 'ನಿಂದೇ ಬಿಸಿನೆಸ್ ತಾನೇ, ಬೇಕಾದಾಗ ರಜೆ ತಗೋ' ಅನ್ನುತ್ತಾರೆ ಮನೆಯವರು. ಇದು ಬರ್ನ್‌ಔಟಾ, ಇಲ್ಲ ನನಗೇ ಇದನ್ನೆಲ್ಲ ಮಾಡುವ ಯೋಗ್ಯತೆ ಇಲ್ಲವಾ? ಬಿಸಿನೆಸ್ ಮುಚ್ಚಿಬಿಡಲಾ?

ಉತ್ತರ: ನಿಮ್ಮ ಪತ್ರದಲ್ಲಿ ಸುಸ್ತು, ಸಿಟ್ಟು, ಅಳು ಎಲ್ಲ ಇದೆ. ನಾನು ಎರಡು ಸಲ ಓದಿದ್ದು ಮಾತ್ರ ಬಾತ್‌ರೂಮಿನ ಸಾಲನ್ನು. ಬರೀ ದಣಿದಿರುವವರಿಗೂ ದೊಡ್ಡ ಆರ್ಡರ್ ಬಂದರೆ ಮೊದಲು ಒಂದು ಕ್ಷಣ ಖುಷಿಯಾಗುತ್ತದೆ. 'ಅಯ್ಯೋ, ಇಷ್ಟನ್ನು ಹೇಗಪ್ಪಾ ಮುಗಿಸೋದು' ಅನ್ನುವ ದಿಗಿಲು ಆಮೇಲೆ ಬರುವಂಥದ್ದು. ನಿಮಗೆ ಆ ಮೊದಲ ಕ್ಷಣವೇ ಬರಲಿಲ್ಲ. ಐದು ವರ್ಷ ಯಾವುದಕ್ಕೆ ಕಾದಿದ್ದಿರೋ ಅದು ಬಾಗಿಲಿಗೆ ಬಂದಾಗ ಶಿಕ್ಷೆ ಬಂದ ಹಾಗೆ ಅನ್ನಿಸಿತು. ಸ್ವಂತ ಬಿಸಿನೆಸ್ ಇರುವವರು ನನ್ನ ಹತ್ತಿರ ಬಂದರೆ ನಾನು ಮೊದಲು ಕೇಳುವುದೂ ಇದನ್ನೇ: ಇತ್ತೀಚೆಗೆ ಒಳ್ಳೆ ಸುದ್ದಿ ಬಂದಾಗ ಹೊಟ್ಟೆಯೊಳಗೆ ಏನಾಯಿತು?

ಪತ್ರ ಓದಿ 'ನಿಮಗೆ ಇಂಥದ್ದೇ ಆಗಿದೆ' ಎಂದು ಹೇಳಿಬಿಡುವುದು ಸರಿಯಲ್ಲ. ಆದರೂ ನೀವು ಬರೆದಿರುವುದೆಲ್ಲ ಬರ್ನ್‌ಔಟ್ ಕಡೆಗೇ, ಅಂದರೆ ಬಹಳ ಕಾಲದ ಕೆಲಸದ ಒತ್ತಡದಿಂದ ಒಳಗೆಲ್ಲ ಬರಿದಾಗುವ ಸ್ಥಿತಿಯ ಕಡೆಗೇ, ಬೆರಳು ತೋರಿಸುತ್ತಿದೆ. ಯೋಗ್ಯತೆಯ ವಿಚಾರಕ್ಕೆ ಆಮೇಲೆ ಬರುತ್ತೇನೆ. ಅದಕ್ಕೂ ಇದಕ್ಕೂ ನಂಟಿದೆ.

'ಬರ್ನ್‌ಔಟ್' ಎಂಬ ಪದವನ್ನು ಮನಶ್ಶಾಸ್ತ್ರಕ್ಕೆ ತಂದವರು ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್, 1974ರಲ್ಲಿ. ನ್ಯೂಯಾರ್ಕಿನ ಒಂದು ಉಚಿತ ಕ್ಲಿನಿಕ್‌ನಲ್ಲಿ ಅವರು ಕೆಲಸ ಮಾಡುತ್ತಿದ್ದರು. ಜೊತೆಯವರಲ್ಲಿ ಕಂಡದ್ದನ್ನು, ತಮ್ಮ ಮೇಲೇ ಅನುಭವಿಸಿದ್ದನ್ನು ಬರೆದರು. ಹೀಗಾಗುವುದು ಕೆಲಸಗಳ್ಳರಿಗಲ್ಲ, ಮೈಮೇಲೆ ಹಾಕಿಕೊಂಡು ಮಾಡುವವರಿಗೆ ಎಂದು ಅವರು ಆಗಲೇ ಗುರುತಿಸಿದ್ದರು. ದೀಪ ಉರಿಯುವುದನ್ನು ಹತ್ತಿರದಿಂದ ನೋಡಿದ್ದೀರಲ್ವಾ? ಎಣ್ಣೆ ಇರುವ ತನಕ ಎಣ್ಣೆ ಉರಿಯುತ್ತದೆ. ತೀರಿದ ಮೇಲೂ ಸ್ವಲ್ಪ ಹೊತ್ತು ಬೆಳಕು ಇರುತ್ತದೆ, ಆದರೆ ಆಗ ಸುಡುತ್ತಿರುವುದು ಬತ್ತಿ. ದೂರದಲ್ಲಿ ನಿಂತವರಿಗೆ ವ್ಯತ್ಯಾಸ ಕಾಣುವುದಿಲ್ಲ. 'ಬಿಸಿನೆಸ್ ಚೆನ್ನಾಗಿಯೇ ನಡೆಯುತ್ತಿದೆ' ಎಂದು ನೀವು ಬರೆದಿದ್ದೀರಲ್ಲ, ಅದು ಈ ಬೆಳಕೂ ಇರಬಹುದು.

1981ರಲ್ಲಿ ಕ್ರಿಸ್ಟೀನಾ ಮ್ಯಾಸ್ಲಾಕ್ ಮತ್ತು ಸೂಸನ್ ಜಾಕ್ಸನ್ ಇದನ್ನು ಅಳೆಯಲು ಒಂದು ಪ್ರಶ್ನಾವಳಿ ಮಾಡಿದರು. ಇವತ್ತಿಗೂ ಜಾಸ್ತಿ ಬಳಕೆಯಲ್ಲಿರುವುದು ಅದೇ. ಅವರು ಹುಡುಕಿದ್ದು ಮೂರು ಸಂಗತಿಗಳನ್ನು. ಒಂದು, ಒಳಗೆ ಏನೂ ಉಳಿದಿಲ್ಲ ಅನ್ನುವಂಥ ಸುಸ್ತು. ಎರಡು, ಕೆಲಸದಿಂದ, ಜನರಿಂದ ಮನಸ್ಸು ದೂರ ಸರಿದು ಒಂಥರಾ ತಾತ್ಸಾರ ಬರುವುದು. ಮೂರು, 'ನನ್ನ ಕೈಲಿ ಏನೂ ಆಗಲ್ಲ' ಅನ್ನಿಸುವುದು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯ 11ನೇ ಆವೃತ್ತಿ 2022ರ ಜನವರಿಯಲ್ಲಿ ಜಾರಿಗೆ ಬಂತು. ಅದರಲ್ಲೂ ಹೆಚ್ಚುಕಡಿಮೆ ಇವೇ ಮೂರು ಇವೆ. ಆದರೆ ಆ ಪಟ್ಟಿ ಬರ್ನ್‌ಔಟನ್ನು ಕಾಯಿಲೆ ಎಂದು ಕರೆಯುವುದಿಲ್ಲ. ಕೆಲಸದ ಜಾಗದ ಒತ್ತಡ ಬಹಳ ಕಾಲ ಹಾಗೇ ಉಳಿದಾಗ ಬರುವ ಸ್ಥಿತಿ ಎನ್ನುತ್ತದೆ. ಬದುಕಿನ ಬೇರೆ ಭಾಗಗಳಿಗೆ ಈ ಪದ ಬಳಸಬೇಡಿ ಎಂದೂ ಹೇಳುತ್ತದೆ. ಆಫೀಸಿಗೆ ಹೋಗಿ ಬರುವವರಿಗೆ ಈ ಗೆರೆ ಸರಿ. ಹೊಲಿಗೆ ಮಷೀನಿನ ಕೆಳಗೇ ಮಗು ಆಟದ ಸಾಮಾನು ಹರಡಿಕೊಂಡು ಕೂತಿರುವ ಮನೆಯಲ್ಲಿ ಕೆಲಸದ ಜಾಗ ಎಲ್ಲಿಗೆ ಮುಗಿಯುತ್ತದೆ ಹೇಳಿ?

ಈಗ ನಿಮ್ಮ ಪತ್ರವನ್ನು ಇದರ ಪಕ್ಕದಲ್ಲಿಟ್ಟು ನೋಡೋಣ. ಮಲಗಿದರೂ ಹೋಗದ ಸುಸ್ತು ಇದೆ. ಮಾಮೂಲಿ ದಣಿವಿಗೆ ಒಂದು ಗುಣ ಇದೆ, ನಿದ್ದೆ ಕೊಟ್ಟರೆ ಅದು ಮರ್ಯಾದೆಯಾಗಿ ಹೊರಟುಹೋಗುತ್ತದೆ. ಒಂದೆರಡು ದಿನ ಚೆನ್ನಾಗಿ ಮಲಗಿ ಎದ್ದ ಮೇಲೂ ಮೊದಲ ಯೋಚನೆ 'ಇವತ್ತೂ ಶುರುವಾಯ್ತಲ್ಲಪ್ಪಾ' ಎಂದಾದರೆ ಕೊರತೆ ಬರೀ ನಿದ್ದೆಯದಲ್ಲ.

ಎರಡನೆಯದನ್ನು ಸ್ವಂತ ಬಿಸಿನೆಸ್‌ನವರು ಗುರುತಿಸುವುದೇ ಕಷ್ಟ. ನೌಕರಿಯಲ್ಲಿರುವವರಿಗೆ ಬೈಯಲು ಒಬ್ಬ ಬಾಸ್ ಇರುತ್ತಾನೆ. ನಿಮಗೆ ಬಾಸ್ ನೀವೇ. ಹಾಗಾಗಿ ತಾತ್ಸಾರಕ್ಕೆ ಬೇರೆ ದಾರಿ ಬೇಕಾಗುತ್ತದೆ. 'ಅಳತೆ ಸ್ವಲ್ಪ ಬದಲಿಸಬಹುದಾ?' ಎಂದು ಕಸ್ಟಮರ್ ಸಾಧಾರಣವಾಗಿಯೇ ಕೇಳಿರುತ್ತಾರೆ. ಎರಡು ವರ್ಷದ ಹಿಂದೆ ಇಂಥ ಮೆಸೇಜಿಗೆ ಎರಡು ನಿಮಿಷದಲ್ಲಿ ಉತ್ತರ ಹೋಗುತ್ತಿತ್ತು. ಈಗ ಅದೇ ಸಾಲು ಓದಿದರೆ 'ಇವರಿಗೆಲ್ಲ ಬೇರೆ ಕೆಲಸ ಇಲ್ಲ' ಅನ್ನಿಸುತ್ತದೆ. ಫೋನನ್ನು ಮಗುಚಿ ಇಟ್ಟುಬಿಡುತ್ತೀರಿ. ರಾತ್ರಿ ಹನ್ನೊಂದಕ್ಕೆ ಅಪರಾಧಿ ಭಾವದಲ್ಲಿ ಬೇಕಾದ್ದಕ್ಕಿಂತ ಉದ್ದದ, ಬೇಕಾದ್ದಕ್ಕಿಂತ ನಯವಾದ ಉತ್ತರ ಬರೆಯುತ್ತೀರಿ. ಇದನ್ನು ಎಷ್ಟೊಂದು ಜನ ಹೆಚ್ಚುಕಡಿಮೆ ಇದೇ ಮಾತಿನಲ್ಲಿ ನನಗೆ ಹೇಳಿದ್ದಾರೆ.

ಇನ್ನು ಮೂರನೆಯದು. 'ನನಗೇ ಯೋಗ್ಯತೆ ಇಲ್ಲವಾ?' ಅನ್ನುವ ನಿಮ್ಮ ಪ್ರಶ್ನೆಯೇ ಆ ಮೂರನೆಯದು. ಜ್ವರ ಬಂದವರಿಗೆ ಬಾಯಿ ಕಹಿಯಾಗುತ್ತದೆ, ಆಗ ಏನು ತಿಂದರೂ ಕಹಿ. ನಿಮ್ಮ ಬಗ್ಗೆ ನಿಮಗಿರುವ ಅಭಿಪ್ರಾಯವನ್ನೂ ಸದ್ಯಕ್ಕೆ ಹಾಗೇ ನೋಡಿ. ಲೆಕ್ಕಪುಸ್ತಕ ತೆಗೆದರೆ ಐದು ವರ್ಷದ ಕೆಲಸ ಅಲ್ಲಿದೆ, ನಾನು ಅದನ್ನೇ ನಂಬುತ್ತೇನೆ.

ಇಷ್ಟು ಬಿಸಿನೆಸ್ ಕಡೆಯ ಮಾತಾಯಿತು. ಮಕ್ಕಳ ಮೇಲೆ ರೇಗುವುದನ್ನೂ ಬರೆದಿದ್ದೀರಿ. ಬೆಲ್ಜಿಯಂನ ಇಬ್ಬರು ಮನಶ್ಶಾಸ್ತ್ರಜ್ಞೆಯರು, ಇಸಾಬೆಲ್ ರೋಸ್ಕಾಮ್ ಮತ್ತು ಮೊಯ್ರಾ ಮಿಕೊಲಾಜ್ಜಾಕ್, ತಂದೆತಾಯಿಯರ ಬರ್ನ್‌ಔಟ್ ಬಗ್ಗೆಯೇ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಅದಕ್ಕೆ ಅವರದೇ ಬೇರೆ ಅಳತೆಗೋಲಿದೆ. ಅದರಲ್ಲಿ ನನಗೆ ಬಹಳ ಮುಖ್ಯ ಅನ್ನಿಸಿದ್ದು ಒಂದು ಅಂಶ: 'ನಾನು ಮೊದಲು ಎಂಥ ತಾಯಿಯಾಗಿದ್ದೆ, ಈಗ ಹೇಗಾಗಿಬಿಟ್ಟೆ' ಎಂದು ತನ್ನನ್ನೇ ತನ್ನ ಜೊತೆ ಹೋಲಿಸಿಕೊಂಡು ನಾಚುವುದು. ಪಕ್ಕದ ಮನೆಯವಳ ಜೊತೆ ಹೋಲಿಸಿಕೊಳ್ಳುವುದು ಎಲ್ಲರಿಗೂ ಇದ್ದದ್ದೇ. ಇದು ಅದಲ್ಲ. ಇದರ ಜೊತೆಗೆ ತಾಯ್ತನದಲ್ಲೇ ಬಸವಳಿಯುವುದು, ರೋಸಿಹೋಗುವುದು, ಮತ್ತು ಮಕ್ಕಳಿಂದ ಮನಸ್ಸು ದೂರವಾಗುವುದು ಸೇರುತ್ತವೆ. ಊಟ ಆಗುತ್ತದೆ, ಸ್ನಾನ ಆಗುತ್ತದೆ, ಹೋಮ್‌ವರ್ಕ್ ಆಗುತ್ತದೆ. ಮಾಡುವವರು ಮಾತ್ರ ಅಲ್ಲಿರುವುದಿಲ್ಲ.

ಮಗಳು ಚಿತ್ರ ಬರೆದು ತಂದು ತೋರಿಸುತ್ತಾಳೆ. ನೀವು ಫೋನಿನಲ್ಲಿ ಅಡ್ರೆಸ್ ಟೈಪ್ ಮಾಡುತ್ತಾ 'ತುಂಬಾ ಚೆನ್ನಾಗಿದೆ ಕಂದ' ಅನ್ನುತ್ತೀರಿ. ಅವಳು ಸ್ವಲ್ಪ ಹೊತ್ತು ನಿಂತು ಹೋಗುತ್ತಾಳೆ. ಹತ್ತು ನಿಮಿಷ ಬಿಟ್ಟು ನೆನಪಿಸಿಕೊಂಡರೆ ಅದು ಮನೆಯ ಚಿತ್ರವೋ ಬೆಕ್ಕಿನ ಚಿತ್ರವೋ ಗೊತ್ತಿಲ್ಲ. ಒಮ್ಮೊಮ್ಮೆ ಹೀಗಾಗುವುದು ಯಾರ ಮನೆಯಲ್ಲಿ ಇಲ್ಲ? ಅದಕ್ಕೆಲ್ಲ ಹೆಸರಿಡಬೇಕಿಲ್ಲ. ದಿನಾ ಹೀಗೇ ಆಗಿ, ಅವಳು ಚಿತ್ರ ತರುವುದನ್ನೇ ಬಿಟ್ಟಿದ್ದಾಳೆ ಎಂದು ಒಂದು ದಿನ ಹೊಳೆದರೆ ಆಗ ನಿಂತು ನೋಡಬೇಕು.

ಇಲ್ಲಿ ಒಂದು ಕಹಿ ಮಾತು ಹೇಳಲೇಬೇಕು. ಇದೇ ಇಬ್ಬರು ಸಂಶೋಧಕಿಯರ ಕೆಲಸದಲ್ಲಿ ಪೋಷಕರ ಬರ್ನ್‌ಔಟಿಗೂ ಮಕ್ಕಳನ್ನು ಕಡೆಗಣಿಸುವುದು, ಕೈಮಾಡುವುದು ಇವಕ್ಕೂ ನಂಟು ಕಂಡಿದೆ. ಹೆದರಿಸಲು ಹೇಳುತ್ತಿಲ್ಲ. ರೇಗುವುದು ಕೈ ಎತ್ತುವ ತನಕ ಬಂದಿದ್ದರೆ 'ನಾನು ಕೆಟ್ಟ ತಾಯಿ' ಎಂದು ಮುಚ್ಚಿಡಬೇಡಿ. ಅದು ಸಹಾಯ ಕೇಳಲು ಇರುವ ಅತಿ ಗಟ್ಟಿ ಕಾರಣ.

ಎರಡು ಕಡೆ ಸುಸ್ತಾದಾಗ ಎಲ್ಲಿ ಸೋರುತ್ತಿದೆ ಎಂದು ತಿಳಿಯುವುದು ಹೇಗೆ? ನಾನೊಂದು ಸಣ್ಣ ಉಪಾಯ ಬಳಸುತ್ತೇನೆ. ಶಾಸ್ತ್ರೀಯ ಪರೀಕ್ಷೆಯೇನಲ್ಲ, ಆದರೆ ಜನರಿಗೆ ಥಟ್ಟನೆ ಉತ್ತರ ಸಿಗುತ್ತದೆ. ಕಣ್ಣು ಮುಚ್ಚಿ ಕೂತು ಯೋಚಿಸಿ: ಹದಿನೈದು ದಿನ ಬಿಸಿನೆಸ್ಸನ್ನು ಯಾರೋ ನಂಬಿಕಸ್ಥರು ನೋಡಿಕೊಳ್ಳುತ್ತಾರೆ, ಒಂದು ತಪ್ಪೂ ಆಗುವುದಿಲ್ಲ, ನಿಮಗೆ ಮಕ್ಕಳು ಮಾತ್ರ. ಮೈ ಹಗುರವಾಯಿತಾ, ಎದೆ ಬಿಗಿಯಿತಾ? ಈಗ ತಿರುಗಿಸಿ. ಮಕ್ಕಳು ಅವರಿಗಿಷ್ಟದವರ ಹತ್ತಿರ ಖುಷಿಯಾಗಿದ್ದಾರೆ, ನಿಮಗೆ ಹೊಲಿಗೆ ಮಾತ್ರ. ಮೊದಲನೆಯದರಲ್ಲಿ ಹಗುರವಾದರೆ ಭಾರ ಬಿಸಿನೆಸ್ಸಿನದು. ಎರಡನೆಯದರಲ್ಲಿ ಹಗುರವಾದರೆ ಮನೆಯದು. ಎರಡರಲ್ಲೂ ಹಗುರವಾದರೆ ಎರಡೂ ಒಟ್ಟಿಗೆ ಇರುವುದೇ ಕಷ್ಟ, ಬೇರೆ ಬೇರೆಯಾಗಿ ನೋಡಿದರೆ ಯಾವುದೂ ಕೆಟ್ಟಿಲ್ಲ. ನಾನು ನೋಡಿದವರಲ್ಲಿ ಇದೇ ಜಾಸ್ತಿ. ಎರಡರಲ್ಲೂ ಏನೂ ಅನ್ನಿಸದಿದ್ದರೆ, ಕಲ್ಲಿನ ಹಾಗೆ ಇದ್ದರೆ, ಮುಂದೆ ಡಾಕ್ಟರ್ ವಿಷಯ ಬರೆದಿದ್ದೇನೆ, ಅದನ್ನು ಮೊದಲು ಓದಿ.

ಇಷ್ಟೆಲ್ಲ ಆಗುವ ತನಕ ಗೊತ್ತೇ ಆಗಲಿಲ್ಲವಲ್ಲ ಎಂದು ಬೇಸರ ಬೇಡ. ಗೊತ್ತಾಗದಿರಲು ಕಾರಣವಿದೆ. ಬಿಸಿನೆಸ್ಸಿನ ಸುಸ್ತನ್ನು ನೀವು ಮಕ್ಕಳ ಲೆಕ್ಕಕ್ಕೆ ಬರೆಯುತ್ತೀರಿ, 'ಚಿಕ್ಕ ಮಕ್ಕಳಿರುವ ಮನೆ, ಹೀಗೇ'. ಮನೆಯ ಬೇಸರವನ್ನು ಬಿಸಿನೆಸ್ ಲೆಕ್ಕಕ್ಕೆ ಬರೆಯುತ್ತೀರಿ, 'ಸೀಸನ್ ಮುಗಿದರೆ ಸರಿಹೋಗುತ್ತದೆ'. ಎರಡೂ ಒಂದರ ಹಿಂದೆ ಒಂದು ಅಡಗಿಕೊಳ್ಳುತ್ತವೆ. ಮೇಲಿಂದ 'ನಿಂದೇ ಬಿಸಿನೆಸ್ ತಾನೇ' ಅನ್ನುವ ಮಾತು. ಇದನ್ನು ಹೇಳುವವರಿಗೆ ಕೆಟ್ಟ ಉದ್ದೇಶ ಇರುವುದಿಲ್ಲ, ಆದರೂ ಕೇಳಿದಾಗಲೆಲ್ಲ ನನಗೆ ಪಿತ್ತ ನೆತ್ತಿಗೇರುತ್ತದೆ. ಮ್ಯಾಸ್ಲಾಕ್ ಮತ್ತು ಮೈಕೆಲ್ ಲೈಟರ್ ಬರ್ನ್‌ಔಟ್ ಹುಟ್ಟುವ ಆರು ಜಾಗಗಳನ್ನು ಗುರುತಿಸಿದ್ದಾರೆ. ಕೆಲಸದ ಹೊರೆ, ಕೆಲಸದ ಮೇಲಿನ ಹಿಡಿತ, ಸಿಗುವ ಪ್ರತಿಫಲ, ಜೊತೆಗಾರರು, ನ್ಯಾಯ, ಮತ್ತು ನಾವು ನಂಬುವ ಮೌಲ್ಯಗಳು. ಹಿಡಿತ ಒಂದು ನಿಮ್ಮ ಕೈಲಿದೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ನಿಜವಾಗಿ ನಿಮ್ಮ ದಿನವನ್ನು ಆಳುವುದು ಮಗುವಿನ ಜ್ವರ, ಕಸ್ಟಮರ್ ಕೇಳಿದ ತಾರೀಖು, ಹೇಳದೆ ರಜೆ ಹಾಕಿದ ಸಹಾಯಕಿ. ರಜೆ ಮಂಜೂರು ಮಾಡುವವರೂ ನೀವೇ, ಆ ರಜೆಯ ನಷ್ಟ ತುಂಬುವವರೂ ನೀವೇ. ಜೊತೆಗಾರರ ಮಾತಂತೂ ಕೇಳುವುದೇ ಬೇಡ. ಸಹಾಯಕಿಯರ ಹತ್ತಿರ 'ನನಗೆ ಆಗ್ತಿಲ್ಲ' ಎಂದರೆ ಅವರಿಗೆ ಸಂಬಳದ ಚಿಂತೆ ಶುರುವಾಗುತ್ತದೆ, ಅದಕ್ಕೇ ನೀವು ಹೇಳುವುದಿಲ್ಲ.

ತಲೆಯೊಳಗಿನ ಕೆಲಸ ಬೇರೆ ಇದೆ. ಅಮೆರಿಕದ ಸಮಾಜಶಾಸ್ತ್ರಜ್ಞೆ ಆಲಿಸನ್ ಡ್ಯಾಮಿಂಜರ್ 2019ರಲ್ಲಿ ಮನೆಯ ಈ ಕಾಣದ ಕೆಲಸವನ್ನು ಬಿಡಿಸಿ ತೋರಿಸಿದರು. ಮುಂದೆ ಏನು ಬೇಕಾಗುತ್ತದೆ ಎಂದು ಊಹಿಸುವುದು, ಅದಕ್ಕೆ ದಾರಿ ಹುಡುಕುವುದು, ತೀರ್ಮಾನ ಮಾಡುವುದು, ಆಮೇಲೆ ಆಯಿತೋ ಇಲ್ಲವೋ ಎಂದು ಕಣ್ಣಿಡುವುದು. ಅವರು ಮಾತಾಡಿಸಿದ ದಂಪತಿಗಳಲ್ಲಿ ತೀರ್ಮಾನವನ್ನು ಹೆಚ್ಚಾಗಿ ಇಬ್ಬರೂ ಸೇರಿ ಮಾಡುತ್ತಿದ್ದರು. ಊಹಿಸುವುದೂ ಕಣ್ಣಿಡುವುದೂ ಮಾತ್ರ ಹೆಚ್ಚಾಗಿ ಹೆಂಡತಿಯ ಪಾಲು. ಈಗ ನಿಮ್ಮ ಬಿಸಿನೆಸ್ ನೋಡಿ. ಬಟ್ಟೆ ಯಾವಾಗ ಖಾಲಿಯಾಗುತ್ತದೆ, ಪಾರ್ಸೆಲ್ ತಲುಪಿತಾ, ಗುಂಡಿ ಸರಿಯಾಗಿ ಕೂತಿದೆಯಾ. ಇಲ್ಲೂ ಅದೇ ಊಹಿಸುವುದು, ಅದೇ ಕಣ್ಣಿಡುವುದು. ಒಂದೇ ಸ್ನಾಯುವನ್ನು ಎರಡೂ ಪಾಳಿಯಲ್ಲಿ ದುಡಿಸಿದರೆ ಅದು ಯಾವಾಗ ಸುಧಾರಿಸಿಕೊಳ್ಳಬೇಕು?

ಈಗ ಡಾಕ್ಟರ್ ವಿಷಯ. ಬರ್ನ್‌ಔಟ್ ಎಂದು ತೀರ್ಮಾನಿಸುವ ಮೊದಲು ರಕ್ತ ಪರೀಕ್ಷೆ ಮಾಡಿಸಿ. ಥೈರಾಯ್ಡ್, ಹಿಮೋಗ್ಲೋಬಿನ್ ಜೊತೆಗೆ ಕಬ್ಬಿಣದ ಸಂಗ್ರಹ ತೋರಿಸುವ ಫೆರಿಟಿನ್, ಬಿ12, ಸಕ್ಕರೆ. ಮುಟ್ಟಿನಲ್ಲಿ ಜಾಸ್ತಿ ರಕ್ತ ಹೋಗುವವರಿಗೆ ಹಿಮೋಗ್ಲೋಬಿನ್ ಸರಿ ಇದ್ದೂ ಕಬ್ಬಿಣ ತಳ ಕಂಡಿರಬಹುದು, ಅದರ ಸುಸ್ತೂ ಹೀಗೇ ಇರುತ್ತದೆ. ಇದನ್ನು ಓದುತ್ತಿರುವವರಲ್ಲಿ ವರ್ಷದೊಳಗಿನ ಕೂಸಿರುವ ತಾಯಂದಿರಿದ್ದರೆ ಅವರಿಗೊಂದು ಮಾತು. ಹೆರಿಗೆಯ ನಂತರದ ವರ್ಷದಲ್ಲಿ ಥೈರಾಯ್ಡ್ ಏರುಪೇರಾಗುವುದುಂಟು, ಹೆರಿಗೆ ನಂತರದ ಖಿನ್ನತೆಯೂ ಉಂಟು. ಎರಡಕ್ಕೂ ಚಿಕಿತ್ಸೆ ಇದೆ.

ಖಿನ್ನತೆಗೂ ಬರ್ನ್‌ಔಟಿಗೂ ಗಡಿ ಅಷ್ಟು ಸ್ಪಷ್ಟವಲ್ಲ, ಒಂದು ಇನ್ನೊಂದಕ್ಕೆ ಜಾರಬಹುದು. ಸಾಮಾನ್ಯವಾಗಿ ಬರ್ನ್‌ಔಟ್ ಆದವರಿಗೆ ಆ ಭಾರದಿಂದ ದೂರ ಹೋದಾಗ ಸ್ವಲ್ಪವಾದರೂ ನಗು ಬರುತ್ತದೆ, ಗೆಳತಿ ಸಿಕ್ಕರೆ ಮಾತು ಹೊರಡುತ್ತದೆ. ಖಿನ್ನತೆ ಎಲ್ಲ ಕಡೆಗೂ ಹರಡಿಕೊಳ್ಳುತ್ತದೆ. ಎರಡು ವಾರಕ್ಕಿಂತ ಜಾಸ್ತಿ, ಹೆಚ್ಚುಕಡಿಮೆ ದಿನವಿಡೀ, ಯಾವುದರಲ್ಲೂ ಮನಸ್ಸಿಲ್ಲದಿದ್ದರೆ ಮನೋವೈದ್ಯರನ್ನು ನೋಡಿ. 'ನಾನಿಲ್ಲದಿದ್ದರೆ ಎಲ್ಲರಿಗೂ ಒಳ್ಳೆಯದು' ಎಂಬ ಯೋಚನೆ ಒಮ್ಮೆ ಬಂದಿದ್ದರೂ ಕಾಯಬೇಡಿ. ಇವತ್ತೇ ಹತ್ತಿರದ ಒಬ್ಬರಿಗೆ ಹೇಳಿ, ಇವತ್ತೇ ಡಾಕ್ಟರ ಹತ್ತಿರ ಹೋಗಿ.

ರಜೆ ತೆಗೆದುಕೊಂಡರೆ ಸರಿಹೋಗುತ್ತದಾ? ಮಿನಾ ವೆಸ್ಟ್‌ಮನ್ ಮತ್ತು ಡೋವ್ ಈಡನ್ 1997ರಲ್ಲಿ ಇದನ್ನು ಅಳೆದು ನೋಡಿದ್ದಾರೆ. ರಜೆಯಲ್ಲಿ ಬರ್ನ್‌ಔಟ್ ಇಳಿಯಿತು. ಕೆಲಸಕ್ಕೆ ಮರಳಿ ಮೂರು ವಾರ ಆಗುವಷ್ಟರಲ್ಲಿ ಮೊದಲಿನ ಮಟ್ಟಕ್ಕೇ ಬಂತು. ಹಾಗೆಂದು ರಜೆ ಬೇಡ ಅನ್ನುವುದಿಲ್ಲ, ತಗೊಳ್ಳಿ. ಆದರೆ ಬಿಟ್ಟುಹೋದ ಜಾಗ ಹೇಗಿತ್ತೋ ಹಾಗೇ ಇದ್ದರೆ ವಾಪಸ್ ಬಂದ ಮೇಲೆ ನೀವೂ ಹಾಗೇ ಆಗುತ್ತೀರಿ. 'ನಿಮಗಾಗಿ ಸ್ವಲ್ಪ ಸಮಯ ಮಾಡಿಕೊಳ್ಳಿ' ಎಂಬ ಸಲಹೆಯೂ ನನಗೆ ಅಷ್ಟಕ್ಕಷ್ಟೇ. ಅದು ಪಟ್ಟಿಗೆ ಇನ್ನೊಂದು ಕೆಲಸ ಸೇರಿಸುತ್ತದೆ. ಮೊದಲು ಏನಾದರೂ ಒಂದನ್ನು ತೆಗೆಯಬೇಕು.

ಏನನ್ನು ತೆಗೆಯುವುದು? ಎರಡು ವಾರ ಒಂದು ಚೀಟಿ ಇಟ್ಟುಕೊಳ್ಳಿ. ಗಂಟೆ ಲೆಕ್ಕ ಬೇಡ. ಯಾವ ಕೆಲಸ ನೆನೆಸಿಕೊಂಡಾಗ ಎದೆ ಭಾರವಾಯಿತೋ ಅದಕ್ಕೊಂದು ಗೀಟು ಹಾಕಿ, ಅಷ್ಟೇ. ಸಾಮಾನ್ಯವಾಗಿ ಎಲ್ಲ ಕೆಲಸಕ್ಕೂ ಗೀಟು ಬೀಳುವುದಿಲ್ಲ, ಎರಡು ಮೂರಕ್ಕೆ ರಾಶಿ ಬೀಳುತ್ತದೆ. ನನ್ನ ಹತ್ತಿರ ಬಂದಿದ್ದ ಒಬ್ಬರು ತಮಗೆ ಬಿಸಿನೆಸ್ಸೇ ಬೇಡವಾಗಿದೆ ಎಂದು ನಂಬಿದ್ದರು. ಚೀಟಿ ನೋಡಿದರೆ ಮುಕ್ಕಾಲು ಪಾಲು ಗೀಟು ಬಿದ್ದಿದ್ದು ರಾತ್ರಿ ಮೆಸೇಜಿಗೆ ಉತ್ತರಿಸುವ ಕೆಲಸಕ್ಕೆ. ಬೇರೆ ನಂಬರ್ ತೆಗೆದುಕೊಂಡರು, ಸಂಜೆ ಆರಕ್ಕೆ ಆ ಫೋನನ್ನು ಬೀರುವಿನಲ್ಲಿಟ್ಟು ಬಾಗಿಲು ಹಾಕಿದರು. ಮೊದಲ ವಾರ ಮೂರು ಸಲ ಬೀರು ತೆಗೆದರಂತೆ. ಒಬ್ಬಿಬ್ಬರು ಕಸ್ಟಮರ್ ಬಿಟ್ಟೂ ಹೋದರು, ಅದು ಸುಳ್ಳಲ್ಲ. ಕೆಲಸ ಮುಗಿದ ಮೇಲೆ ಮನಸ್ಸೂ ಕೆಲಸದಿಂದ ಕಳಚಿಕೊಳ್ಳಬೇಕು, ಇಲ್ಲದಿದ್ದರೆ ವಿಶ್ರಾಂತಿ ಮೈಗೆ ಹತ್ತುವುದಿಲ್ಲ ಎನ್ನುವುದನ್ನು ಜರ್ಮನಿಯ ಸಬೀನ್ ಸೊನೆನ್‌ಟಾಗ್ ಅವರ ಸಂಶೋಧನೆಗಳು ಮತ್ತೆ ಮತ್ತೆ ತೋರಿಸಿವೆ. ಮನೆಯಿಂದ ಕೆಲಸ ಮಾಡುವವರಿಗೆ ಕೆಲಸದಿಂದ ಮನೆಗೆ ಬರುವ ದಾರಿ ಎನ್ನುವುದಿಲ್ಲ, ಬಸ್ಸಿನ ಅರ್ಧ ಗಂಟೆ ಇಲ್ಲ. ಹಾಗಾಗಿ ಬೀರುವಿನ ಬಾಗಿಲಿನಂಥ ಏನಾದರೂ ಬೇಕಾಗುತ್ತದೆ.

ಮನೆಯಲ್ಲಿ ಸಹಾಯ ಕೇಳುವಾಗ ಇಡೀ ಕೆಲಸ ಕೊಡಿ, ತುಂಡು ಕೊಡಬೇಡಿ. 'ಸ್ವಲ್ಪ ಇವನಿಗೆ ಯೂನಿಫಾರ್ಮ್ ಹಾಕಿ' ಎಂದರೆ ನೆನಪಿಡುವ ಕೆಲಸ ನಿಮ್ಮ ತಲೆಯಲ್ಲೇ ಉಳಿಯಿತು. ಶಾಲೆಯ ಬೆಳಗು ಪೂರ್ತಿ ಗಂಡನದು ಎಂದರೆ ಯೂನಿಫಾರ್ಮ್ ಒಗೆದಿದೆಯಾ ಎಂದು ಹಿಂದಿನ ರಾತ್ರಿ ನೋಡುವುದೂ ಅವರದೇ. ಮೊದಲ ವಾರ ಕಾಲಿಗೊಂದು ಬಣ್ಣದ ಸಾಕ್ಸ್ ಹೋಗಬಹುದು. ಹೋಗಲಿ. ನೀವು ಎದ್ದು ಸರಿಮಾಡಿದರೆ ಆ ಕೆಲಸ ಆ ಕ್ಷಣವೇ ನಿಮ್ಮ ಹತ್ತಿರ ವಾಪಸ್ ಬರುತ್ತದೆ. ರೋಸ್ಕಾಮ್ ಮತ್ತು ಮಿಕೊಲಾಜ್ಜಾಕ್ ಮುಂದಾಳತ್ವದಲ್ಲಿ 42 ದೇಶಗಳ 17 ಸಾವಿರಕ್ಕೂ ಜಾಸ್ತಿ ಪೋಷಕರನ್ನು ಕೇಳಿದ ಒಂದು ಅಧ್ಯಯನ 2021ರಲ್ಲಿ ಪ್ರಕಟವಾಯಿತು. 'ಅವರವರ ಪಾಡು ಅವರವರಿಗೆ' ಅನ್ನುವ ರೀತಿ ಗಟ್ಟಿಯಾಗಿರುವ ಸಮಾಜಗಳಲ್ಲಿ ಪೋಷಕರ ಬರ್ನ್‌ಔಟ್ ಜಾಸ್ತಿ ಕಂಡಿತು. ಮನೆ ತುಂಬ ಜನ ಇದ್ದೂ ಒಬ್ಬಳೇ ನಡೆಸುತ್ತಿರುವ ಹೆಂಗಸರನ್ನೂ ನಾನು ನೋಡಿದ್ದೇನೆ. ತಲೆ ಎಣಿಸಿದರೆ ಸಾಲದು, ಭಾರ ಯಾರ ಮೇಲಿದೆ ಎಂದು ನೋಡಬೇಕು.

ಮುಚ್ಚಿಬಿಡಲಾ ಎಂದು ಕೇಳಿದ್ದೀರಿ. ಈಗ ತೀರ್ಮಾನ ಬೇಡ. ಮೂರು ತಿಂಗಳು ತಡೆಯಿರಿ. ಆ ಮೂರು ತಿಂಗಳು ಇದ್ದ ಹಾಗೇ ಓಡಿ ಎಂದಲ್ಲ, ಅರ್ಧಕ್ಕೆ ಇಳಿಸಿ. ಹೊಸ ಆರ್ಡರ್ ನಿಲ್ಲಿಸಿ, ಡಿಸೈನ್ ಕಡಿಮೆ ಮಾಡಿ, ಜಾಸ್ತಿ ಕಾಟ ಕೊಟ್ಟು ಕಡಿಮೆ ಲಾಭ ತರುವ ಬಗೆಯನ್ನು ಬಿಟ್ಟುಬಿಡಿ. ಸುಧಾರಿಸಿಕೊಳ್ಳಲು ವಾರಗಳಲ್ಲ, ತಿಂಗಳುಗಳೇ ಬೇಕು. ನಡುವೆ ಒಂದು ವಾರ ಚೆನ್ನಾಗಿದ್ದು ಮತ್ತೆ ಕುಸಿದ ಹಾಗೆ ಅನ್ನಿಸಬಹುದು. ಆಮೇಲೂ ಮುಚ್ಚಬೇಕು ಅನ್ನಿಸಿದರೆ ಮುಚ್ಚಿ, ಅದರಲ್ಲಿ ಸೋಲೇನೂ ಇಲ್ಲ. ಕೆಲವರು ಹಾಗೆ ಮುಚ್ಚಿ ನೆಮ್ಮದಿಯಾಗಿದ್ದಾರೆ.

ಮೊದಲ ಕೆಲಸ ಆ ದೊಡ್ಡ ಆರ್ಡರ್‌ದೇ. ಕೊಟ್ಟವರಿಗೆ ನಾಳೆ ಬೆಳಿಗ್ಗೆ ಫೋನ್ ಮಾಡಿ. ಮೆಸೇಜ್ ಬೇಡ, ಮೆಸೇಜ್ ಬರೆಯಲು ಕೂತರೆ ಕ್ಷಮೆ ಕೇಳುತ್ತಾ ಒಂದು ಪುಟ ತುಂಬಿಸುತ್ತೀರಿ. 'ಅರ್ಧ ಈ ತಾರೀಖಿಗೆ, ಉಳಿದರ್ಧ ಮೂರು ವಾರ ಬಿಟ್ಟು ಕೊಡುತ್ತೇನೆ, ಆಗುತ್ತದಾ?' ಎಂದು ಕೇಳಿ. ಕೇಳಿ ಸುಮ್ನೆ ಇರಿ, ಅವರು ಮಾತಾಡಲಿ. ಅವರು ಏನಂದರು ಎಂದು ನನಗೂ ಒಂದು ಸಾಲು ಬರೆಯಿರಿ.